ಕೈ ತೊಳೆಯುವಲ್ಲಿ ಕೇಳುವ ಪ್ರಶ್ನೆಗಳು

ಮೋಟಾರ್ ಮೆಕ್ಯಾನಿಕ್‌ಗಳ ಸಭೆಯಲ್ಲಿ ಮುಂದಿನ ಸಾಲು ಯಾವಾಗಲೂ ಖಾಲಿ ಇರುತ್ತದೆ. ಹೊಸ ಪಂಪು ಬಂದಾಗಲೆಲ್ಲ ಕಂಪನಿಯವರು ಚಳ್ಳಕೆರೆಯ ಯಾವುದಾದರೊಂದು ಕಲ್ಯಾಣ ಮಂಟಪ ಹಿಡಿದು, ಸುತ್ತಿನ ಊರುಗಳಿಂದ ನಮ್ಮನ್ನೆಲ್ಲ ಕರೆದು ತರಬೇತಿ ಕೊಡುತ್ತಾರೆ. ನಾವೂ ಹೋಗುತ್ತೇವೆ. ಬಾಗಿಲಲ್ಲಿ ಕೊಡುವ ಬ್ಯಾಗು, ಟೋಪಿ ತೆಗೆದುಕೊಂಡು, ಫ್ಯಾನು ಎಲ್ಲಿದೆ ನೋಡಿಕೊಂಡು, ಗೋಡೆಗೆ ಒರಗಲು ಅನುಕೂಲವಾದ ಕಡೆ ಕೂರುತ್ತೇವೆ. ಮಾತಾಡುವವರು ಮಾತಾಡುತ್ತಾರೆ. ಕೊನೆಗೆ "ಏನಾದರೂ ಪ್ರಶ್ನೆ?" ಎನ್ನುತ್ತಾರೆ. ಆಗ ನಾವೆಲ್ಲ ಫ್ಯಾನಿನ ಕಡೆ ನೋಡುತ್ತೇವೆ.

ಪ್ರಶ್ನೆ ಇಲ್ಲದೆ ಅಲ್ಲ. ನಾಲ್ಕು ಜನರ ಎದುರು ಕೇಳಿದರೆ ನನಗೆ ಈ ಕೆಲಸ ಬರುವುದಿಲ್ಲ ಎಂದು ಡಂಗುರ ಹೊಡೆದಂತೆ. ಪಕ್ಕದ ಕುರ್ಚಿಯಲ್ಲಿ ಕೂತವನ ಅಂಗಡಿ ನನ್ನ ಅಂಗಡಿಯ ಎದುರಿಗೇ ಇರುತ್ತದೆ. ಹಾಗಾಗಿ ನಮ್ಮ ಪ್ರಶ್ನೆಗಳೆಲ್ಲ ಊಟದ ತನಕ ಕಾಯುತ್ತವೆ. ಇಂಜಿನಿಯರ್ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದನೆಂದರೆ ಒಬ್ಬೊಬ್ಬರೇ ಅಕ್ಕಪಕ್ಕ ಸರಿಯುತ್ತೇವೆ. "ಸಾರ್, ನಮ್ ಕಡೇರು ಒಬ್ರು ಅವ್ರೆ. ಅವ್ರದೊಂದು ಮೋಟ್ರು ಹಿಂಗಾಗೈತಂತೆ" ಎಂದು ಶುರು ಮಾಡುತ್ತೇವೆ. ಈ ನಮ್ಮ ಕಡೆಯವನಿಗೆ ಮುಖವಿಲ್ಲ, ಊರಿಲ್ಲ. ಆದರೆ ತಾಲ್ಲೂಕಿನ ಕೆಟ್ಟ ಮೋಟಾರುಗಳೆಲ್ಲ ಅವನ ಹತ್ತಿರವೇ ಇವೆ.

ಒಂದು ಸಲ ಹಾಗೆ ತರಬೇತಿಗೆ ಹೊರಟಾಗ ನನ್ನದೊಂದು ಕೆಲಸ ಅರ್ಧಕ್ಕೇ ನಿಂತಿತ್ತು. ನನ್ನ ಅಂಗಡಿಯ ಮೇಜಿನ ಮೇಲೆ, ಹಳೆಯ ಲುಂಗಿ ಹೊದಿಸಿಕೊಂಡು, ಒಂದು ಸೋಲಾರ್ ಪಂಪಿನ ಕಂಟ್ರೋಲರ್ ಬಾಯಿ ತೆರೆದು ಮಲಗಿತ್ತು. ಬಿಸಿಲಿನ ಪ್ಯಾನೆಲ್ಲಿಗೂ ಬೋರಿನ ಮೋಟಾರಿಗೂ ನಡುವೆ ಇರುವ ಡಬ್ಬಿ ಅದು. ದೊಡ್ಡಉಳ್ಳಾರ್ತಿಯ ಒಬ್ಬ ಅಜ್ಜಿಯದು. ಕುರಿ ಸಾಕುವ ಮನೆ. ಆ ಬೋರಿನ ನೀರು ತೊಟ್ಟಿಗೆ ಬಿದ್ದರೆ ಕುರಿಗಳಿಗೆ ಕುಡಿಯಲು ಉಂಟು, ಇಲ್ಲದಿದ್ದರೆ ಹುಲ್ಲುಗಾವಲಿನಲ್ಲಿ ಎದ್ದಿರುವ ಹೊಸ ಕಾಂಪೌಂಡು ಗೋಡೆಗಳನ್ನೆಲ್ಲ ಸುತ್ತಿ ಬಳಸಿಕೊಂಡು ಆಚೆ ಊರಿನ ಕೆರೆಯವರೆಗೆ ಹೊಡೆದುಕೊಂಡು ಹೋಗಬೇಕು. ಬೇಸಿಗೆ ಬೇರೆ. ಕಂಪನಿಗೆ ಫೋನ್ ಮಾಡಿ ಮಾಡಿ ಬೇಸತ್ತು ಮಗನ ಬೈಕಿನ ಹಿಂದೆ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. "ಸಾಬ್ರೆ, ನೀವ್ ನೋಡ್ರಿ. ಅವ್ರು ಬರ್ತೀವಿ ಬರ್ತೀವಿ ಅಂತಾರೆ, ಬರಲ್ಲ" ಎಂದಳು.

ನೋಡಿದೆ. ನೋಡುವುದಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಡಬ್ಬಿಯ ಮೇಲೆ ಕಂಪನಿಯ ಮೊಹರಿನ ಸ್ಟಿಕ್ಕರ್ ಇತ್ತು. ಅದನ್ನು ಕಿತ್ತರೆ ವಾರಂಟಿ ಹೋಯಿತು. ಎಷ್ಟೋ ವರ್ಷ ಮೋಟಾರಿನ ಹೊಟ್ಟೆ ಸೀಳಿ ತಾಮ್ರದ ತಂತಿ ಸುತ್ತಿದ ಕೈಗೆ ಮುಚ್ಚಿದ ಡಬ್ಬಿ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಕಿತ್ತೆ. ಒಳಗೆ ಒಂದು ಹಲ್ಲಿ ಸುಟ್ಟು ಕರಕಲಾಗಿ ಅಂಟಿಕೊಂಡಿತ್ತು. ತೆಗೆದು, ಒರೆಸಿ, ಫ್ಯೂಸ್ ಹಾಕಿದೆ. ದೀಪ ಬಂತು. ಆದರೆ ಪರದೆಯ ಮೇಲೆ ಒಂದು ನಂಬರು ಕೂತು ಕಣ್ಣು ಮಿಟುಕಿಸತೊಡಗಿತು. ಮೋಟಾರಿಗೆ ಕರೆಂಟು ಬಿಡಲೊಲ್ಲದು. ಏನು ಮಾಡಿದರೂ ಅದೇ ನಂಬರು. ಅಜ್ಜಿಗೆ "ಬೆಂಗಳೂರಿಂದ ಸಾಮಾನು ಬರ್ಬೇಕವ್ವ" ಎಂದೆ. ಯಾವ ಸಾಮಾನೂ ಬರುವುದಿರಲಿಲ್ಲ.

ಅದೇ ಕಂಪನಿಯ ತರಬೇತಿ ಇದು. ಕೇಳಿದರೆ ಸ್ಟಿಕ್ಕರ್ ಕಿತ್ತವನು ಎಂದು ಅವರ ಕೈಗೆ ಸಿಕ್ಕಿಬೀಳುತ್ತೇನೆ. ಕೇಳದಿದ್ದರೆ ಆ ಡಬ್ಬಿ ಸತ್ತಂತೆಯೇ. ಕುರಿಗಳಿಗೆ ನೀರು ಬೇಕೆಂದರೆ ಮೂರನೆಯ ದಾರಿ ಇರಲಿಲ್ಲ.

ನನ್ನ ಮಗಳು ಡಿಪ್ಲೊಮಾ ಓದುತ್ತಾಳೆ. ಎರಡು ಸೆಮಿನಾರಿಗೆ ಹೋಗಿ ಬಂದವಳಾದ್ದರಿಂದ ಮನೆಯಲ್ಲಿ ಈ ವಿಷಯಕ್ಕೆ ಅವಳೇ ಉಸ್ತಾದ್. ಬೆಳಿಗ್ಗೆ ನಾನು ಚಹಾ ಕುಡಿಯುತ್ತಿದ್ದಾಗ ಪಾಠ ಶುರು ಮಾಡಿದಳು. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ನನಗೆ ಬುದ್ಧಿ ಹೇಳುವಾಗ ಅವಳು ಕಾಲೇಜಿನ ಕನ್ನಡಕ್ಕೆ ಬರುತ್ತಾಳೆ. "ಅಬ್ಬಾ, ಮುಂದೆ ಕೂತ್ಕೊಳ್ಳಿ. ಗೊತ್ತಿರೋರ ಪಕ್ಕ ಕೂರಬೇಡಿ, ಅವರ ಜೊತೆ ಹರಟೇಲೇ ದಿನ ಹೋಗುತ್ತೆ. ಏನು ತಿಳ್ಕೊಂಡು ಬರಬೇಕು ಅಂತ ಇಲ್ಲಿಂದಲೇ ಒಂದು ಪ್ರಶ್ನೆ ಇಟ್ಕೊಂಡು ಹೋಗಿ. ಕೇಳದೆ ಬರಬೇಡಿ." ನಾನು ತಲೆಯಾಡಿಸಿದೆ. ಆ ಒಂದು ಪ್ರಶ್ನೆ ಎದೆಯ ಮೇಲೆ ಕೂತಿದೆ ಎಂದು ಅವಳಿಗೆ ಹೇಳಲಿಲ್ಲ.

ಮಾತು ಕೇಳಿ ಮುಂದೆ ಕೂತೆ. ಇಡೀ ಸಾಲಿಗೆ ನಾನೊಬ್ಬನೇ. ಹಿಂದಿನಿಂದ ಮೊಳಕಾಲ್ಮೂರಿನ ಮೆಕ್ಯಾನಿಕ್ ಕೂಗಿದ. ನಾವಿಬ್ಬರೂ ಒಬ್ಬನೇ ಗುರುವಿನ ಹತ್ತಿರ ಪೆಟ್ಟು ತಿಂದು ಕೆಲಸ ಕಲಿತವರು. ಆಂಧ್ರದ ಗಡಿಯವನು, ಮಾತಿನಲ್ಲಿ ತೆಲುಗು ತಾನಾಗಿ ಬರುತ್ತದೆ. "ಏಮಿ ಭಾಯ್, ಮದುವೆಗಂಡೇನಲೇ ನೀನು? ಇಲ್ಲಿ ಬಾ, ಫ್ಯಾನ್ ಐತೆ." ಎಲ್ಲರೂ ನಕ್ಕರು. ಎದ್ದು ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಇಂಜಿನಿಯರ್ ಬಂದ. ತೆಳ್ಳಗಿನ ಹುಡುಗ ಮುಖದವನು, ನನ್ನನ್ನು ಯಾರೋ ದೊಡ್ಡ ಡೀಲರ್ ಎಂದುಕೊಂಡು ಕೈ ಮುಗಿದ. ಕೈ ಮುಗಿಸಿಕೊಂಡ ಮೇಲೆ ಏಳುವುದು ಹೇಗೆ?

ಪರದೆಯ ಮೇಲೆ ಚಿತ್ರಗಳು ಬಂದವು, ಹೋದವು. ನನಗೆ ಒಂದೂ ತಲೆಗೆ ಹತ್ತಲಿಲ್ಲ. ಪ್ರಶ್ನೆಯನ್ನು ಯಾವ ಮಾತಿನಿಂದ ಶುರು ಮಾಡಲಿ ಎಂದು ಒಳಗೊಳಗೇ ಹೆಣೆಯುತ್ತಿದ್ದೆ, ಬಿಚ್ಚುತ್ತಿದ್ದೆ.

ಆಗ ಅವನು ಮೇಜಿನ ಮೇಲೆ ಒಂದು ಹೊಸ ಕಂಟ್ರೋಲರ್ ಇಟ್ಟ. ಥೇಟ್ ಅಜ್ಜಿಯದೇ. "ತೋರಿಸಲಿಕ್ಕೆ ಅಂತಲೇ ತಂದಿರೋದು, ಇದಕ್ಕೆ ಮೊಹರಿಲ್ಲ. ಯಾರಾದರೂ ಬಂದು ಬಿಚ್ಚುತ್ತೀರಾ?" ಎಂದ. ಯಾರೂ ಏಳಲಿಲ್ಲ. ಮುಂದೆ ಕೂತವನು ನಾನೊಬ್ಬನೇ, ನನ್ನನ್ನೇ ಕರೆದ. "ಬನ್ನಿ ಯಜಮಾನ್ರೇ."

ಎದ್ದು ಹೋದೆ. ಇಡೀ ಸಭೆ ಬೆನ್ನಿನ ಹಿಂದೆ. ತಲೆ ಖಾಲಿಯಾಗಿತ್ತು. ಆದರೆ ಕೈಗೆ ತಲೆ ಬೇಕಿರಲಿಲ್ಲ. ಎಡಗೈ ಡಬ್ಬಿಯನ್ನು ಓರೆ ಮಾಡಿತು, ಹೆಬ್ಬೆರಳು ಅಡಿಗೆ ಹೋಗಿ ಒಂದು ಕಡೆ ಒತ್ತಿತು, ಟಕ್ ಎಂದಿತು. ಆಮೇಲೆ ಸ್ಕ್ರೂ ಬಿಚ್ಚಿದೆ. ಮುಚ್ಚಳ ಬೆಣ್ಣೆಯಂತೆ ಕೈಗೆ ಬಂತು.

ಇಂಜಿನಿಯರ್ ಮುಚ್ಚಳವನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. "ಅಡಿಯಲ್ಲಿ ಒಂದು ಕೊಕ್ಕೆ ಇದೆ, ಹೊರಗೆ ಕಾಣೋದಿಲ್ಲ. ಎಲ್ಲರೂ ಸ್ಕ್ರೂ ಬಿಚ್ಚಿ ಎಳೆದು ಮುಚ್ಚಳ ಮುರೀತಾರೆ. ಅದನ್ನೇ ಇವತ್ತು ಹೇಳಿಕೊಡೋಣ ಅಂತಿದ್ದೆ" ಎಂದ.

ಹಿಂದಿನಿಂದ ಮೊಳಕಾಲ್ಮೂರಿನವನ ದನಿ. "ಅಯ್ಯೋ, ಭಾಯ್ ಮೊದ್ಲೇ ಒಂದ್ ಬಿಚ್ಚವ್ನೆ ಕಣ್ರಲೇ!" ಮಂಟಪವೆಲ್ಲ ನಗು. ಅಂಗಡಿಯಲ್ಲಿ ಆ ಕೊಕ್ಕೆ ಹುಡುಕಲು ನಾನು ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದ್ದೆ. ಕಲಿತ ಕೈ ಕಲಿತದ್ದನ್ನು ಎಲ್ಲರ ಎದುರು ಒಪ್ಪಿಸಿಬಿಟ್ಟಿತ್ತು. ಇಂಜಿನಿಯರ್ ಮೆಲ್ಲಗೆ, "ಎಲ್ಲಿ ನೋಡಿದ್ರಿ ಇದನ್ನ?" ಎಂದ. "ಮೊಬೈಲ್‌ನಾಗೆ, ವಿಡಿಯೋದಾಗೆ" ಎಂದೆ. ಇನ್ನೊಂದು ಸಲ ನಗು. ನನ್ನ ಕುರ್ಚಿಗೆ ಬರುವಷ್ಟರಲ್ಲಿ ಮಗಳ ಮೇಲೆ, ಹಲ್ಲಿಯ ಮೇಲೆ, ಆ ಅಜ್ಜಿಯ ಮೇಲೂ ಸಿಟ್ಟು ಬಂದಿತ್ತು.

ಊಟ ಸೇರಲಿಲ್ಲ. ಬೇಗ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತೆ. ಪದ್ಧತಿಯಂತೆ ಅಲ್ಲಿಯೇ ಕೇಳಿ ಮುಗಿಸೋಣವೆಂದು. ಆದರೆ ನನಗಿಂತ ಮೊದಲೇ ಮೊಳಕಾಲ್ಮೂರಿನವನು ಇಂಜಿನಿಯರ್ ಪಕ್ಕ ಸೇರಿದ್ದ. ಬೆಳಿಗ್ಗೆಯೆಲ್ಲ ಮೆರೆದವನ ದನಿ ಈಗ ಕಿವಿಗೆ ಬೀಳದಷ್ಟು ಸಣ್ಣಗಾಗಿತ್ತು.

"ಸಾರ್, ನಮ್ ಕಡೇರು ಒಬ್ರು... ಅವ್ರದು ಇದೇ ಡಬ್ಬಿ, ಸ್ಟಾರ್ಟ್ ಆಗ್ತಿಲ್ವಂತೆ."

"ಪರದೆ ಮೇಲೆ ಯಾವ ನಂಬರು ಬರ್ತಿದೆ?"

"ಅದು... ಕೇಳ್ಬೇಕು ಸಾರ್ ಅವ್ರನ್ನ."

"ಶಬ್ದ ಬರುತ್ತಾ? ಆನ್ ಮಾಡಿದ ತಕ್ಷಣ ನಿಲ್ಲುತ್ತಾ, ಸ್ವಲ್ಪ ಹೊತ್ತಾದ ಮೇಲೆ ನಿಲ್ಲುತ್ತಾ?"

"ಕೇಳಿ ಹೇಳ್ತೀನಿ ಸಾರ್."

"ಸರಿ, ಅವರಿಗೆ ಸರ್ವಿಸ್ ಸೆಂಟರ್‌ಗೆ ಕಳಿಸಲಿಕ್ಕೆ ಹೇಳಿ" ಎಂದು ಇಂಜಿನಿಯರ್ ಕೈ ಒರೆಸಿಕೊಂಡ. ಮೊಳಕಾಲ್ಮೂರಿನವನು ಆ ಕಡೆ ತಿರುಗಿದಾಗ ಅವನ ಮುಖ ನೋಡಿದೆ. ನಂಬರು ಅವನಿಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಆ ನಮ್ಮ ಕಡೆಯವನು ತಾನೇ ಎಂದಾಗುತ್ತಿತ್ತು. ಇಷ್ಟು ವರ್ಷ ಈ ನಲ್ಲಿಗಳ ಹತ್ತಿರ ನಾವು ಕೇಳಿಕೊಂಡು ಬಂದದ್ದೆಲ್ಲ ಹೀಗೆಯೇ ಅರ್ಧಕ್ಕೆ ನಿಂತು, ಸರ್ವಿಸ್ ಸೆಂಟರ್ ಎಂಬಲ್ಲಿಗೆ ಹೋಗಿ ಮುಗಿದಿತ್ತು. ನನಗೆ ಅವನ ಮೇಲೆ ಕನಿಕರವಾಯಿತು. ಜೊತೆಗೆ, ನಾನೂ ಇನ್ನೊಂದು ಗಳಿಗೆಯಲ್ಲಿ ಅದನ್ನೇ ಮಾಡಲಿದ್ದೆ ಎಂದು ಹೆದರಿಕೆಯೂ ಆಯಿತು.

ಮಧ್ಯಾಹ್ನದ ಕೊನೆಗೆ ಇಂಜಿನಿಯರ್ "ಪ್ರಶ್ನೆ?" ಎಂದಾಗ ಎದ್ದು ನಿಂತೆ. ಮುಂದಿನ ಕುರ್ಚಿ ಹಿಡಿದುಕೊಳ್ಳೋಣವೆಂದರೆ ಮುಂದೆ ಕುರ್ಚಿಯೇ ಇರಲಿಲ್ಲ. "ವಿಡಿಯೋ ಅಂದಿದ್ದು ಸುಳ್ಳು ಸಾರ್. ನಾನೇ ಬಿಚ್ಚೀನಿ. ಗಿರಾಕಿದು. ಸ್ಟಿಕ್ಕರ್ರೂ ಕಿತ್ತೀನಿ" ಎಂದೆ. ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ, ಅದರಿಂದ ಇನ್ನೂ ಭಯವಾಯಿತು.

ಇಂಜಿನಿಯರ್ ಕೇಳಿದ, ನಾನು ಹೇಳಿದೆ. ನಂಬರು, ಹಲ್ಲಿ, ಫ್ಯೂಸ್, ದೀಪ ಮಿಟುಕುವ ರೀತಿ. ಅವನು ತಲೆಯಾಡಿಸಿ, "ಡಬ್ಬಿ ಸುಟ್ಟಿಲ್ಲ, ಅದರ ನೆನಪು ಅಳಿಸಿಹೋಗಿದೆ. ಯಾವ ಮೋಟಾರು ತಿರುಗಿಸಬೇಕು ಅಂತ ಅದಕ್ಕೆ ಗೊತ್ತಿಲ್ಲ" ಎಂದು, ಯಾವ ಎರಡು ಗುಂಡಿ ಒತ್ತಿ ಹಿಡಿದು ಆನ್ ಮಾಡಬೇಕು, ಮೋಟಾರಿನ ಜೊತೆ ಕೊಡುವ ಕಾರ್ಡಿನ ಮೇಲಿರುವ ಯಾವ ಯಾವ ಅಂಕಿಗಳನ್ನು ಮತ್ತೆ ಹಾಕಬೇಕು ಎಂದು ಮೇಜಿನ ಮೇಲಿನ ಡಬ್ಬಿಯಲ್ಲೇ ಮಾಡಿ ತೋರಿಸಿದ. ಹಿಂದಿನ ಸಾಲುಗಳಿಂದ ಕುರ್ಚಿಗಳು ಕರಕರ ಸರಿದವು. ತಿರುಗಿ ನೋಡಿದರೆ ಮೊಳಕಾಲ್ಮೂರಿನವನು ನನ್ನ ಹೆಗಲ ಹಿಂದೆಯೇ ನಿಂತು, ಮೊಬೈಲ್ ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದ.

"ಒಂದು ಮಾತು" ಎಂದ ಇಂಜಿನಿಯರ್, ಬೇಸರದಿಂದಲೇ. "ಮೊಹರು ಹೋದ ಡಬ್ಬಿಯನ್ನ ಕಂಪನಿ ಇನ್ನು ಮುಟ್ಟೋದಿಲ್ಲ. ಗಿರಾಕಿಗೆ ಅದನ್ನ ನೀವೇ ಹೇಳಬೇಕು."

ಹೇಳುವುದೇನು ಉಳಿದಿತ್ತು? ನಾನು ಅಂಗಡಿಗೆ ಬರುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಸಭೆಯಲ್ಲಿ ಅವಳ ಊರಿನವರೂ ಇದ್ದರಂತೆ, ಫೋನ್ ಮೊದಲೇ ಹೋಗಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಬೆಂಗ್ಳೂರ್ ಸಾಮಾನು ಬಂತಾ ಸಾಬ್ರೆ?"

"ಯಾವ ಸಾಮಾನೂ ಇಲ್ಲವ್ವ. ನನಗೆ ಗೊತ್ತಾಗ್ಲಿಲ್ಲ, ಅದಕ್ಕೆ ಹಂಗಂದೆ. ಕಂಪನೇರು ಇನ್ ಇದನ್ನ ಮುಟ್ಟಲ್ಲ. ಅದೂ ನನ್ನಿಂದಾನೇ."

"ಈಗ ಆಗ್ತೈತಾ?"

"ಇವತ್ತು ಕಲ್ತು ಬಂದೀನಿ. ಆಗ್ಬೋದು. ಆಗ್ದೇನೂ ಇರ್ಬೋದು."

ಅವಳು ಸೆರಗು ಕೊಡವಿ ಎದ್ದಳು. "ಹಂಗಾರೆ ನಡೀರಿ, ಹೊತ್ತು ಮುಳುಗೋಕ್ ಮುಂಚೆ ನೋಡಾನ."

ಡಬ್ಬಿ ತೆಗೆದುಕೊಂಡು ಹೋಗಿ ಜೋಡಿಸಿದಾಗ ಹೊಲದಲ್ಲಿ ಬಿಸಿಲು ಇನ್ನೂ ಸ್ವಲ್ಪ ಉಳಿದಿತ್ತು. ಗುಂಡಿ ಒತ್ತಿದೆ, ಅಜ್ಜಿ ತಂದುಕೊಟ್ಟ ಕಾರ್ಡು ನೋಡಿ ಅಂಕಿಗಳನ್ನು ಹಾಕಿದೆ, ಒಂದು ತಪ್ಪಾಗಿ ಮತ್ತೆ ಮೊದಲಿನಿಂದ ಹಾಕಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಮಂಟಪದ ಅಷ್ಟು ಕಣ್ಣುಗಳಿಗಿಂತ ಆ ಎರಡು ಕಣ್ಣು ಭಾರವಾಗಿದ್ದವು. ನಂಬರು ಹೋಯಿತು. ಮೋಟಾರು ನೆಲದೊಳಗೆಲ್ಲೋ ಗುಂಯ್ ಎಂದಿತು. ನೀರು ಮೇಲೆ ಬರುವತನಕ ನಾವಿಬ್ಬರೂ ಪೈಪಿನ ಬಾಯಿ ನೋಡುತ್ತ ನಿಂತೆವು. ಮೊದಲು ಗಾಳಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು.

ಅವಳು ಕೈ ಒಡ್ಡಿ ಮುಖ ತೊಳೆದುಕೊಂಡಳು. ಮೆಚ್ಚುಗೆಯ ಮಾತಿಗೆ ಕಾದಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳು ಹೇಳಿದ್ದು ಇಷ್ಟು: "ಇನ್ ಕೆಟ್ರೆ ಅವ್ರು ಬರಲ್ಲ. ನೀವೇ ಬರ್ಬೇಕು. ಕೆಟ್ಟಾಗಷ್ಟೇ ಫೋನ್ ಮಾಡಿದ್ರೆ ನೀವು ಎತ್ತಲ್ಲ. ಅದಕ್ಕೆ ನಡೀವಾಗ್ಲೂ ಮಾಡ್ತೀನಿ."

ಹೇಳಿದಂತೆ ಮಾಡುತ್ತಾಳೆ. ವಾರಕ್ಕೊಮ್ಮೆ, ನಾನು ಇನ್ನೂ ಅಂಗಡಿಯ ಬೀಗ ತೆಗೆಯುತ್ತಿರುವಾಗ, ಅವಳ ನಂಬರಿನಿಂದ ಫೋನ್ ಬರುತ್ತದೆ. ಪ್ರತಿ ಸಲವೂ, ಹೋಯಿತು, ಸುಟ್ಟಿತು, ಕುರಿಗಳಿಗೆ ನೀರಿಲ್ಲ ಎಂದುಕೊಂಡೇ ಕಿವಿಗಿಟ್ಟುಕೊಳ್ಳುತ್ತೇನೆ. ಆ ಕಡೆಯಿಂದ ಸಲಾಮಿಲ್ಲ, ನಮಸ್ಕಾರವಿಲ್ಲ.

"ನಡೀತೈತೆ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾಳೆ.