ಅಮ್ಮ ಕೌದಿಗೆ ಸೇರಿಹೋದ ದಿನ

ಕೌದಿ ಹೊಲಿಯುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಬಾಯಿಪಾಠ ಒಪ್ಪಿಸಬಲ್ಲೆ; ಹೊಲಿಯಲು ಮಾತ್ರ ಬರುವುದಿಲ್ಲ. ಸೂಜಿಯನ್ನು ಸೋಪಿಗೆ ಚುಚ್ಚಿ ತೆಗೆದರೆ ದಪ್ಪ ಬಟ್ಟೆಯಲ್ಲೂ ಸಲೀಸಾಗಿ ಇಳಿಯುತ್ತದೆ. ದಾರವನ್ನು ಮೇಣದಬತ್ತಿಯ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ಉಟ್ಟು ಮೆತ್ತಗಾದ ಸೀರೆಗಳು ಒಳಗೆ, ಗಟ್ಟಿ ಸೀರೆ ಹೊರಗೆ. ಮೊದಲು ನಡುವಿನಿಂದ ಅಂಚಿನ ಕಡೆಗೆ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಬೇಕು, ಇಲ್ಲವಾದರೆ ಕೌದಿಗೆ ಹೊಟ್ಟೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ಹೊಲಿಯುವ ಜಾಗದ ಕೆಳಗೆ ಒಂದು ಮಣೆ ಇರಲೇಬೇಕು. ಮಣೆಯಿಲ್ಲದಿದ್ದರೆ ಸೂಜಿ ಕೆಳಗಿರುವುದನ್ನೂ ಸೇರಿಸಿ ಹೊಲಿದುಬಿಡುತ್ತದೆ.

ಇವೆಲ್ಲ ಅಮ್ಮನ ಶಾಸನಗಳು. ಮಣೆಯ ಶಾಸನ ಮುರಿದು ಒಮ್ಮೆ ನಾನು ಚಾಪೆ ಸಮೇತ ಮೇಲೆದ್ದಿದ್ದೆ. "ಚಾಪೆಗೂ ಸೀರೆ ಉಡ್ಸಿದ್ಲು ಕಣೇ ನಮ್ಮ ಹುಡುಗಿ" ಎಂದು ಅಮ್ಮ ಮೇಲೂರಿನ ನಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ಅಂದಿನಿಂದ ನನಗೆ ಸೂಜಿಗೆ ದಾರ ಪೋಣಿಸುವ ಕೆಲಸ ಮಾತ್ರ. ಅದೂ ಅಮ್ಮನಿಗೆ ಕಣ್ಣು ಮಂಜಾಗಿದ್ದರಿಂದ. ಕನ್ನಡಕ ಹಾಕಿಕೋ ಎಂದರೆ, "ನಂಗೇನು ವಯಸ್ಸಾಗಿದ್ಯಾ?" ಎಂದು ಮುಖ ದಪ್ಪ ಮಾಡಿಕೊಳ್ಳುತ್ತಿದ್ದಳು. ಅಷ್ಟು ಹೊತ್ತಿಗೆ ಅವಳು ಅಜ್ಜಿಯಾಗಿದ್ದಳು.

ಅಕ್ಕ ಬಾಣಂತನಕ್ಕೆ ಬಂದಿದ್ದಳು. ಐದನೇ ತಿಂಗಳಲ್ಲಿ ತಾಯಿ ಮಗುವನ್ನು ಕರೆದುಕೊಂಡು ಹೋಗಲು ಗೌರಿಬಿದನೂರಿನಿಂದ ಅವಳ ಅತ್ತೆ ಮಾವ ಬರುವವರಿದ್ದರು. ಆ ಅತ್ತೆ, ಅಂದರೆ ಅಮ್ಮನ ಬೀಗಿತ್ತಿ, ಮರ್ಯಾದೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಾಮಕರಣದ ದಿನ ಅವರಿಗೆ ಕಾಫಿ ತಡವಾಗಿ ಬಂತಂತೆ. ಆಮೇಲೆ ಫೋನ್ ಮಾಡಿದಾಗಲೆಲ್ಲ, "ನಿಮ್ಮಮ್ಮನ ಮನೆ ಕಾಫಿ ಬಂತಾ?" ಎಂದೇ ಅಕ್ಕನನ್ನು ಮಾತಾಡಿಸುತ್ತಿದ್ದರು. ಹಾಗಾಗಿ ಅಕ್ಕ ಅಮ್ಮನಿಗೆ ಕೈಮುಗಿದು ಹೇಳಿದ್ದಳು: "ಅಮ್ಮ, ಅವ್ರು ಹೊಸಲು ತುಳಿಯೋ ಹೊತ್ಗೆ ನೀನು ಎದ್ದು ನಿಂತು ಬನ್ನಿ ಅನ್ಬೇಕು. ಇನ್ನೇನೂ ಬೇಡ. ಆ ಮನೇಲಿ ಬಾಳೋಳು ನಾನು."

ಅಮ್ಮ ಅದನ್ನು ಪರೀಕ್ಷೆಗೆ ಓದುವಂತೆ ಮನಸ್ಸಿಗೆ ತೆಗೆದುಕೊಂಡಳು. ಮದುವೆಯಲ್ಲಿ ಬೀಗರು ಕೊಟ್ಟಿದ್ದ ಕಡುಹಸಿರು ಸೀರೆಯನ್ನು ಬೀರುವಿನಿಂದ ತೆಗೆದು ಬೆಳಿಗ್ಗೆಯೇ ಉಟ್ಟಳು. ನ್ಯಾಫ್ತಲಿನ್ ಗುಳಿಗೆಯ ವಾಸನೆಗೆ ಅಪ್ಪ ಸೀನುತ್ತಲೇ ಇದ್ದರು. ಆದರೆ ಕೂಸಿನ ಕೌದಿಯ ಒಂದು ಅಂಚು ಇನ್ನೂ ಬಾಕಿಯಿತ್ತು. ಅದನ್ನು ಕಳಿಸದಿದ್ದರೆ ಅಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಒಳಗೆಲ್ಲ ಅವಳದೇ ಹಳೆಯ ಸೀರೆಗಳು, ಅಂಚಿಗೆ ಅಪ್ಪನ ಹಸಿರು ಟವೆಲ್ಲು. ಮಣೆಯನ್ನು ಬೀಗರ ಊಟಕ್ಕೆಂದು ನಾನು ತೊಳೆದು ಬಿಸಿಲಿಗೆ ಇಟ್ಟಿದ್ದೆ. "ಚೂರೇ ಚೂರು ಇರೋದು, ಮಣೆ ಯಾಕೆ?" ಎಂದು ಅಮ್ಮ ಕೌದಿಯನ್ನು ತೊಡೆಯ ಮೇಲೇ ಹರಡಿಕೊಂಡು ಕೂತಳು. ನಾನು ದಾರ ಪೋಣಿಸಿ ಕೊಟ್ಟೆ.

ಬೀಗರು ಮಧ್ಯಾಹ್ನದ ಬಸ್ಸಿಗೆ ಬರುತ್ತೇವೆಂದವರು ಯಾರದೋ ಕಾರು ಸಿಕ್ಕಿತೆಂದು ಮೊದಲೇ ಬಂದಿಳಿದರು. ಅಪ್ಪ ಓಡಿದರು, ಅಕ್ಕ ಕೂಸನ್ನೆತ್ತಿಕೊಂಡು ಬಂದಳು. ಅಮ್ಮ ಏಳಲು ಹೋದಳು, ಅರ್ಧಕ್ಕೆ ನಿಂತಳು, ಮತ್ತೆ ಕೂತಳು. ಕೌದಿಯ ಕೆಳಗೆ ಕೈಯಾಡಿಸಿದಳು. ಅವಳ ಮುಖ ಬಿಳಿಚಿಕೊಂಡಿತು. ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಹಸಿರು ಟವೆಲ್ಲಿಗೆ ಹಸಿರು ಸೀರೆ, ಅಮ್ಮನ ಮಂಜುಗಣ್ಣು, ಮೇಣ ಹಚ್ಚಿದ ಜೋಡಿ ದಾರ. ಅಮ್ಮ ತನ್ನ ನೆರಿಗೆಗಳನ್ನು ಕೌದಿಗೆ ಹೊಲಿದುಕೊಂಡಿದ್ದಳು. ಅವಳ ಹೊಲಿಗೆ ಬಿಚ್ಚುವುದು ಯಮನಿಂದಲೂ ಆಗದ ಕೆಲಸ.

"ಬನ್ನಿ ಬೀಗ್ರೇ" ಎಂದು ಅಮ್ಮ ಕೂತಲ್ಲಿಂದಲೇ ಕೈಮುಗಿದಳು. "ಮೊಣಕಾಲು ಹಿಡ್ಕೊಂಬಿಟ್ಟಿದೆ ನೋಡಿ."

"ಯಾವಾಗ? ಬೆಳಿಗ್ಗೆ ಅಟ್ಟ ಹತ್ತಿ ತಪ್ಪಲೆ ಇಳಿಸಿದ್ಯಲ್ಲೇ" ಎಂದರು ಅಪ್ಪ. ಸತ್ಯ ಹೇಳುವುದಕ್ಕೆ ಅಪ್ಪ ಯಾವಾಗಲೂ ಇಂಥ ಹೊತ್ತನ್ನೇ ಆರಿಸಿಕೊಳ್ಳುತ್ತಿದ್ದರು.

ಬೀಗಿತ್ತಿಯ ಮುಖ ಗಂಟಿಕ್ಕಿತು. ಅಕ್ಕ ಬಾಗಿಲ ಹಿಂದಿನಿಂದ ಏಳು, ಏಳು ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಅವಳ ಕಣ್ಣು ತುಂಬಿ ಬಂದಿದ್ದು ನೋಡಿ ನಾನು ನಗುವುದು ಬಿಟ್ಟು ಅಡುಗೆಮನೆಗೆ ಓಡಿದೆ. ನಾನು ಕಾಫಿ ತಂದೆ, ಈ ಸಲ ಬೇಗನೇ. ಅವರು ಲೋಟ ಮುಟ್ಟಲಿಲ್ಲ.

"ಏನಮ್ಮ, ನಾವು ಬಂದಿದ್ದು ಕಷ್ಟ ಆಯ್ತೇನೋ ನಿಮ್ಗೆ. ಹೊರಡ್ತೀವಿ. ಆ ಬೊಂತ ಇಲ್ಲಿ ಕೊಡಿ, ಕೂಸಿಗೆ ಸುತ್ಕೊಂಡು ಹೋಗ್ತೀವಿ" ಎಂದರು. ಅವರ ಮನೆಯಲ್ಲಿ ತೆಲುಗು ಕನ್ನಡ ಎರಡೂ ಓಡಾಡುತ್ತಿದ್ದವು. ಕೌದಿಗೆ ಅವರು ಬೊಂತ ಎನ್ನುತ್ತಿದ್ದರು.

"ಇರ್ಲಿ ಬಿಡಿ, ನಾನೇ ಮಡಚಿ ಕೊಡ್ತೀನಿ" ಎಂದು ಅಮ್ಮ ಎರಡೂ ಕೈಯಲ್ಲಿ ಕೌದಿಯನ್ನು ಅವುಚಿಕೊಂಡಳು. ಬೀಗಿತ್ತಿ ಬಿಡುವವರಲ್ಲ. ಬಗ್ಗಿ ತುದಿ ಹಿಡಿದು ಒಂದೇ ಸಲ ಎಳೆದರು. ಕೌದಿ ಬಂತು, ಅದರ ಹಿಂದೆ ನೆರಿಗೆ ಬಂತು, ನೆರಿಗೆಯ ಹಿಂದೆ ಕೂತ ಭಂಗಿಯಲ್ಲೇ ಅಮ್ಮನೂ ಒಂದು ಮಾರು ಮುಂದಕ್ಕೆ ಬಂದಳು.

ಬೀಗಿತ್ತಿ ಕೌದಿಯನ್ನು ಮಗುಚಿ ನೋಡಿದರು. ಹೊಲಿಗೆ ನೋಡಿದರು, ಸೀರೆ ನೋಡಿದರು. "ಇದು ನಾವು ಕೊಟ್ಟ ಸೀರೆ ಅಲ್ವಾ?"

"ನೀವು ಬರ್ತೀರಂತ ಉಟ್ಕೊಂಡೆ" ಎಂದಳು ಅಮ್ಮ. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಬೀಗಿತ್ತಿಗೆ ನಗು ಮೂಗಿನಿಂದ ಶುರುವಾಗಿ ಹೊಟ್ಟೆಗೆ ಇಳಿಯಿತು. ಅವರು ನೆಲಕ್ಕೇ ಕೂತುಬಿಟ್ಟರು. ಅಮ್ಮನ ಎದುರಿಗೆ, ಕಾಲು ಮಡಚಿ, ಕೌದಿಯ ಇನ್ನೊಂದು ತುದಿ ತಮ್ಮ ತೊಡೆಯ ಮೇಲೆ ಹಾಕಿಕೊಂಡು. ಹೊಲಿಗೆಗೆ ಉಗುರು ಹಾಕಿ ನೋಡಿದರು, ಪಿನ್ನು ಹಾಕಿ ನೋಡಿದರು. "ಏನಮ್ಮ ಇದು, ಕಬ್ಬಿಣದ ಹೊಲಿಗೆ! ಕತ್ತರಿ ತಗೊಂಬಾಮ್ಮ" ಎಂದು ನನಗೆ ಹೇಳಿದರು.

"ಕೌದಿ ಕತ್ತರಿಸಿಬಿಡಿ, ಸೀರೆ ನಿಮ್ದು" ಎಂದು ಅಮ್ಮ ಅವರ ಕೈ ಹಿಡಿದಳು.

"ಕೂಸಿನ ಬೊಂತಕ್ಕೆ ಯಾರಾದ್ರೂ ಕತ್ತರಿ ಹಾಕ್ತಾರಾ? ಬಿಡಿ ನೀವು."

"ಹೊಸ ಸೀರೆ ಬೀಗ್ರೇ!"

"ಪೋನಿ ಬಿಡಮ್ಮ. ಉಟ್ಟಿದ್ದಾಯ್ತಲ್ಲ, ಹಳೇದೇ. ಒಳಗೆಲ್ಲ ನಿಮ್ಮನೆ ಸೀರೆಗಳೇ ಇದಾವೆ. ನಮ್ದೂ ಒಂದು ತುಂಡು ಇರ್ಲಿ."

ಕರ್ ಕರ್ ಎಂದು ಕತ್ತರಿ ಓಡಿತು. ಅಂಗೈಯಗಲದ ಹಸಿರು ಕೌದಿಯಲ್ಲೇ ಉಳಿಯಿತು. ಅಮ್ಮ ನೆಲಕ್ಕೆ ಕೈಯೂರಿ ಎದ್ದಳು. ತೂತಾದ ನೆರಿಗೆಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಸೆರಗನ್ನು ಹೆಗಲ ತುಂಬ ಹೊದ್ದು ನೆಟ್ಟಗೆ ನಿಂತಳು. ನೆಲದ ಮೇಲೆ ಕೂತಿದ್ದ ಬೀಗಿತ್ತಿಗೆ, "ಬನ್ನಿ ಬೀಗ್ರೇ, ಬನ್ನಿ. ಯಾವಾಗ ಬಂದ್ರಿ?" ಎಂದಳು.

ಅವರು ತಣ್ಣಗಾಗಿದ್ದ ಕಾಫಿಯ ಲೋಟ ಕೈಗೆತ್ತಿಕೊಂಡು ಅಕ್ಕನ ಕಡೆ ನೋಡಿದರು.

"ಈಗ ತಾನೇ ಬಂದ್ವಿ" ಎಂದರು.