ಬ್ಯಾರನ್ ಚಲುವಯ್ಯನ ಮೂಗು

ಮಲ್ಲಿಪಟ್ಟಣದ ಸುತ್ತಿನ ಹೊಗೆಸೊಪ್ಪಿನ ಬೆಳೆಗಾರರು ಚಲುವಯ್ಯನನ್ನು ಕರೆಸುತ್ತಿದ್ದುದು ಅವನ ಮುಖ ನೋಡುವುದಕ್ಕಲ್ಲ, ಮೂಗಿಗಾಗಿ. ಹಸಿ ಸೊಪ್ಪನ್ನು ಕೋಲಿಗೆ ಕಟ್ಟಿ, ಬ್ಯಾರನ್ನು ಎನ್ನುವ ಸೊಪ್ಪು ಹದ ಮಾಡುವ ಮನೆಯೊಳಗೆ ಸಾಲಾಗಿ ಏರಿಸಿ, ಕೆಳಗಿನ ಕಬ್ಬಿಣದ ಕೊಳವೆ ಕಾಯಿಸಿದರೆ ಐದಾರು ದಿನದಲ್ಲಿ ಅದು ಚಿನ್ನದ ಬಣ್ಣಕ್ಕೆ ತಿರುಗಬೇಕು. ಗೋಡೆಗೆ ಥರ್ಮಾಮೀಟರು ನೇತುಹಾಕಿದ್ದರೂ ಅದನ್ನು ನಂಬುವವರಿರಲಿಲ್ಲ. ಚಲುವಯ್ಯ ಕಿಂಡಿಗೆ ಮೂಗಿಟ್ಟು, ಕಣ್ಣು ಮುಚ್ಚಿ, "ತಡೀರ್ಲಾ, ಎಲೆ ಇನ್ನೂ ಹಸಿ ವಾಸ್ನೆ ಒಡೀತದೆ" ಎಂದರೆ ಅದೇ ತೀರ್ಪು.

ಇಂಥ ಮೂಗಿದ್ದವನು ಅದನ್ನು ಹೇಗೆ ಕಾಪಾಡಬೇಕು? ಚಲುವಯ್ಯ ಅದರ ಕೆಳಗೇ ದಿನಕ್ಕೆರಡು ಪ್ಯಾಕು ಸಿಗರೇಟು ಉರಿಸುತ್ತಿದ್ದ. ಪ್ಯಾಕಿನ ಮೇಲಿನ ಕೊಳೆತ ಗಂಟಲಿನ ಚಿತ್ರ ಕಾಣದಂತೆ ಹೆಬ್ಬೆರಳು ಒತ್ತಿ ಹಿಡಿಯುವುದು ಅವನಿಗೆ ಅಭ್ಯಾಸವಾಗಿತ್ತು. ಮೇಲಾಗಿ ಅವನಲ್ಲೊಂದು ಸಿದ್ಧಾಂತವೂ ಇತ್ತು.

"ಬೆಳೆಯೋ ನಾವೇ ಸೇದ್ನಿಲ್ಲ ಅಂದ್ರೆ ಇನ್ಯಾರ್ಲಾ ಸೇದ್ತಾರೆ? ರಾಗಿ ಬೆಳೆದೋನು ಮುದ್ದೆ ಉಣ್ಣಾಕಿಲ್ವಾ?"

ಮುದ್ದೆ ಉಂಡವನ ಎದೆ ಸೀಟಿ ಹೊಡೆಯುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಹೇಳಬೇಕಾದವರ ಕಿವಿಯ ಮೇಲೂ ಒಂದೊಂದು ಬೀಡಿ ಇತ್ತು.

ಕೆಮ್ಮು ತಿಂಗಳುಗಟ್ಟಲೆ ನಿಲ್ಲದಿದ್ದಾಗ ಹೆಂಡತಿ ಮಾಯಮ್ಮ ಅವನನ್ನು ಹಾಸನಕ್ಕೆ ಎಳೆದುಕೊಂಡು ಹೋದಳು. ಡಾಕ್ಟರು ಒಂದು ಯಂತ್ರಕ್ಕೆ ಜೋರಾಗಿ ಊದಿಸಿದರು.

"ವಯಸ್ಸೆಷ್ಟು?"

"ಐವತ್ತಾರು ಸಾ."

"ನಿಮ್ಮ ಶ್ವಾಸಕೋಶಕ್ಕೆ ಎಂಬತ್ತಾಗಿದೆ. ಹಾಳಾಗಿರೋದು ವಾಪಸ್ ಬರಲ್ಲ. ಸಿಗರೇಟು ಬಿಟ್ರೆ ಉಳಿದಿರೋದನ್ನಾದ್ರೂ ಉಳಿಸ್ಕೋಬಹುದು."

ಊರಿಗೆ ಬಂದವನು ಅರಳಿಕಟ್ಟೆಯ ಮೇಲೆ ಕೂತು, "ನನ್ ಶ್ವಾಸಕೋಶ ನನಗಿಂತ ಇಪ್ಪತ್ನಾಕ್ ವರ್ಷ ದೊಡ್ಡದು ಕಣ್ರಲಾ, ಅನುಭವಸ್ತ!" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೆಂದು ಇನ್ನೊಂದು ಸಿಗರೇಟು ಹಚ್ಚಿದ.

ಆದರೆ ಒಂದು ವಿಷಯವನ್ನು ಅವನು ಡಾಕ್ಟರಿಗೂ ಹೇಳಿರಲಿಲ್ಲ, ಮಾಯಮ್ಮನಿಗೂ ಹೇಳಿರಲಿಲ್ಲ. ಎರಡು ತಿಂಗಳಿಂದ ಅವನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಮಲ್ಲಿಗೆಯೂ ಒಂದೇ, ಕೊಟ್ಟಿಗೆಯೂ ಒಂದೇ. ಕಿಂಡಿಗೆ ಮೂಗಿಟ್ಟು ನಟಿಸುತ್ತಾ, ಓರೆಗಣ್ಣಿನಲ್ಲಿ ಥರ್ಮಾಮೀಟರು ನೋಡಿ ತೀರ್ಪು ಹೇಳುತ್ತಿದ್ದ. ಮೂಗಿನ ಹೆಸರಲ್ಲಿ ಉಣ್ಣುವವನು ಮೂಗು ಸತ್ತಿದೆ ಎಂದು ಯಾವ ಬಾಯಲ್ಲಿ ಹೇಳಿಯಾನು?

ಆ ಸಲ ಬೆಳೆಗಾರ ನಂಜಪ್ಪನ ಬ್ಯಾರನ್ನು ಐದನೆಯ ದಿನದಲ್ಲಿತ್ತು. ಸೊಪ್ಪು ಒಣಗಿ ಗರಿಗರಿಯಾಗಿತ್ತು. ಬೆಳಿಗ್ಗೆ ನಂಜಪ್ಪ ಡೈರಿಗೆ ಹಾಲು ಹಾಕಲು ಹೋದಾಗ ಕಾವಲಿಗೆ ಕೂತವನು ಚಲುವಯ್ಯನೇ. ಒಳಗೆ ಒಂದು ಎಲೆ ಕೋಲಿನಿಂದ ಜಾರಿ ಕಾದ ಕೊಳವೆಯ ಮೇಲೆ ಬಿತ್ತು. ಹಿಂದಿನ ಚಲುವಯ್ಯನಾಗಿದ್ದರೆ ಕಣದ ಆ ತುದಿಯಿಂದಲೇ ಮೂಸಿ, ಓಡಿ ಬಂದು ನೀರು ಚಿಮುಕಿಸುತ್ತಿದ್ದ. ಈ ಚಲುವಯ್ಯ ಹೊಗೆ ಬಿಡುತ್ತಾ ಕೂತಿದ್ದ.

ಅಂಗಳದಿಂದ ನಂಜಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಕೂಗಿದಳು. "ಚಲುವಣ್ಣಾ, ಏನೋ ಸೀದೋಯ್ತಾ ಐತಲ್ಲಾ!"

"ನಿನ್ ಒಲೆ ಮೇಲಿಂದು ನೋಡ್ಕಳವ್ವಾ! ಬ್ಯಾರನ್ನು ನನ್ ಮೂಗಿನ ಕೆಳಗೇ ಐತೆ!"

ಸ್ವಲ್ಪ ಹೊತ್ತಿಗೆ ಹೆಂಚಿನ ಸಂದಿಯಿಂದ ಹೊಗೆ ಎದ್ದಿತು, ಹಿಂದೆಯೇ ಬೆಂಕಿ. ಊರವರು ಬಿಂದಿಗೆ ಹಿಡಿದು ಓಡಿ ಬರುವಷ್ಟರಲ್ಲಿ ಸೊಪ್ಪೆಲ್ಲ ಬೂದಿ. ಖಾಲಿ ಕ್ಯಾನು ಹಿಡಿದು ಬಂದ ನಂಜಪ್ಪ ಕೇಳಿದ:

"ಅಲ್ಲಾ ಚಲುವಣ್ಣ, ರಸ್ತೆಯಾಚೆ ನಾಯಿಗೂ ಗೊತ್ತಾಗೈತೆ. ನಿಂಗೆ ಗೊತ್ತಾಗ್ನಿಲ್ವಾ?"

"ಎರಡ್ ತಿಂಗಳಾಯ್ತು ನಂಜಣ್ಣ. ನಂಗೆ ಏನೂ ವಾಸ್ನೆ ಗೊತ್ತಾಗಾಕಿಲ್ಲ."

ನಂಜಪ್ಪ ಬಯ್ಯಲಿಲ್ಲ. "ಒಂದ್ ಮಾತು ಅಂದಿದ್ರೆ ನಾನೇ ಕೂತ್ಕತಿದ್ನಲ್ಲೋ" ಎಂದಷ್ಟೇ ಅಂದ. ಬೈದಿದ್ದರೇ ಚೆನ್ನಾಗಿತ್ತು.

ಆವತ್ತು ಚಲುವಯ್ಯ ಸಿಗರೇಟು ಬಿಟ್ಟದ್ದು ಬಿಟ್ಟದ್ದೇ. ಮೊದಲ ವಾರ ಲವಂಗ ಅಗಿದ, ಸುಮ್ಮಸುಮ್ಮನೆ ಮಾಯಮ್ಮನ ಮೇಲೆ ರೇಗಿದ, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟು ತೆಗೆದ. "ಊರ್ ಬ್ಯಾರನ್ ಸುಟ್ಟು ಸಿಗರೇಟ್ ಬಿಟ್ಟ ಪುಣ್ಯಾತ್ಮ!" ಎಂದು ಅಂಗಡಿಯ ದೊಡ್ಡಯ್ಯ ಗಿರಾಕಿಗಳೆದುರು ಆಡಿಕೊಂಡು, ಅದೇ ಗಿರಾಕಿಗಳಿಗೆ ಸಿಗರೇಟು ಮಾರಿದ. ಆ ಹಂಗಾಮಿನಲ್ಲಿ ಯಾರೂ ಚಲುವಯ್ಯನನ್ನು ಕರೆಯಲಿಲ್ಲ. ದಿನಾ ಒಂದು ಎಲೆ ಮೂಸಿ ನೋಡುತ್ತಿದ್ದ, ಏನೂ ಇಲ್ಲ.

ಏಳನೆಯ ವಾರ, ಚಳಿಯೆಂದು ಬಾಗಿಲ ಹಿಂದಿನ ಹಳೇ ಕೋಟು ತೆಗೆದು ಮೈಮೇಲೆ ಎಳೆದುಕೊಂಡವನು ತಟ್ಟನೆ ಕಿತ್ತೆಸೆದ.

"ಥೂ! ಇದ್ರೊಳಗೆ ಏನ್ ಸತ್ತೈತೆ ಮಾಯಿ?"

ಮಾಯಮ್ಮ ಅಡುಗೆಮನೆಯಿಂದ ಇಣುಕಿದಳು. "ಅದು ನೀನೇ ಕಣಯ್ಯ. ಮೂವತ್ತೊಂದ್ ವರ್ಷದಿಂದ ಅದ್ರ ಪಕ್ಕದಲ್ಲೇ ಮಲಗ್ತಾ ಇವ್ನಿ."

ಮೂಗು ಬಂದಿತೆಂದು ಕುಣಿಯುವುದೋ, ಭೂಮಿಯೊಳಗೆ ಹೋಗುವುದೋ ಅವನಿಗೆ ತಿಳಿಯಲಿಲ್ಲ. ಕೋಟನ್ನು ತಾನೇ ಒಗೆಯುವ ಕಲ್ಲಿಗೆ ಒಯ್ದು ಸೋಪು ಹಚ್ಚಿ ಬಡಿದ. ನಾಲ್ಕನೆಯ ಏಟಿಗೆ ಉಸಿರು ಸಿಗದೆ ಕಲ್ಲು ಹಿಡಿದು ಕುಸಿದ.

"ಅತ್ಲಾಗ್ ಸರ್ಕೊ" ಎಂದು ಮಾಯಮ್ಮ ಸೆರಗು ಸಿಕ್ಕಿಸಿ, ಕೋಟನ್ನು ಅವನ ಕೈಯಿಂದ ಕಿತ್ತುಕೊಂಡಳು.