ಶೀನಣ್ಣ ನಿದ್ದೆ ಮಾಡಿರಲಿಲ್ಲ

ಆ ದಿನ ಲಾರಿ ತಡವಾಗಿದ್ದು ನನ್ನಿಂದ. ಅಪ್ಪಯ್ಯನಿಗೆ ಸುಳ್ಳು ಹೇಳಿದವಳೂ ನಾನೇ. ಇಷ್ಟು ವರ್ಷ ಅದನ್ನು ನುಂಗಿಕೊಂಡು ಕೂತಿದ್ದೆ—

ಕುಂದಾಪುರದಲ್ಲಿ ಅಪ್ಪಯ್ಯನಿಗೆ ಹೆಂಚು ಸಾಗಿಸುವ ಲಾರಿಗಳಿದ್ದವು. ಯಾವ ಲಾರಿ ಎಲ್ಲಿದೆ ಎಂದು ವಿಚಾರಿಸಿಡುವುದು ನನ್ನ ಕೆಲಸ. ಟ್ರಂಕ್ ಕಾಲ್ ಸಿಗುವುದು ಅಪರೂಪ. ಬಂದ ಬಂದ ಬಸ್ಸಿನ ಕಂಡಕ್ಟರರನ್ನೇ ಕೇಳುತ್ತಿದ್ದೆ—ನಮ್ಮ ಲಾರಿ ಕಂಡಿರಾ, ಎಲ್ಲಿ, ಯಾವ ಕಡೆ ಹೋಗುತ್ತಿತ್ತು? ಕೇಳಿ ಕೇಳಿ, ಅದನ್ನೊಮ್ಮೆ ನಾನೇ ಓಡಿಸಬೇಕೆಂಬ ಹುಚ್ಚು ಹಿಡಿಯಿತು.

ಡ್ರೈವರ್ ಶೀನಣ್ಣ ನನ್ನನ್ನು ಎತ್ತಿ ಆಡಿಸಿದವನು. ಬೈಂದೂರಿನ ಅತ್ತೆ ಮನೆಯಿಂದ ಬಸ್ಸಿಗೆ ಬರುತ್ತೇನೆಂದು ಅಪ್ಪಯ್ಯನಿಗೆ ಹೇಳಿ, ಅವನ ಖಾಲಿ ಲಾರಿ ಹತ್ತಿದೆ. ಕಾಡಿ ಬೇಡಿ ಒಪ್ಪಿಸಿದೆ. ಲಾರಿಯನ್ನು ಊರಾಚೆಯ ಬಯಲಿಗೆ ಇಳಿಸಿ ಅವನು ಪಕ್ಕಕ್ಕೆ ಸರಿದ.

"ಕೈ ಬಿಗಿ ಹಿಡೀಬೇಡ ಹೆಣೆ, ಸಡ್ಲ ಬಿಡ್. ಅದ್ ಓಡತ್ತ್."

ಓಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟಿನ ತುದಿಯಲ್ಲಿ ಕೂತು ಬಯಲು ಸುತ್ತಿದೆ—ಮತ್ತೆ ಸುತ್ತಿದೆ. ಎಮ್ಮೆಗಳು ದಿಕ್ಕಾಪಾಲಾದವು. ಶೀನಣ್ಣ ನಕ್ಕು ನಕ್ಕು ಕೆಮ್ಮಿದ. ಅಂಥ ಸಂತೋಷ ನನಗೆ ಮದುವೆಯ ದಿನವೂ... ಇರಲಿ.

ನಮ್ಮ ಲಾರಿ ತಲುಪುವಷ್ಟರಲ್ಲಿ ಹೆಂಚಿನ ಕಾರ್ಖಾನೆಯವರು ಕಾದು ಸಾಕಾಗಿ ಬೇರೆ ಲಾರಿ ಕರೆದಿದ್ದರು.

"ಶೀನನ ಲಾರಿ ಬೈಂದೂರ್ ಬಯಲಲ್ಲ್ ಇತ್ತಂಬ್ರ್. ಎಂತಕ್ಕೆ?" ಅಪ್ಪಯ್ಯ ನನ್ನನ್ನೇ ಕೇಳಿದರು.

"ನಿದ್ರಿ ಬಂದ್ ಮನಿಕಂಡಿರ್ಕ್ ಅಪ್ಪಯ್ಯ," ಎಂದೆ.

ಬಾಗಿಲಲ್ಲಿ ನಿಂತಿದ್ದ ಶೀನಣ್ಣ ನನ್ನತ್ತ ಒಮ್ಮೆ ನೋಡಿದ. "ಹೌದ್ ಒಡೆಯ, ಕಣ್ಣ್ ಎಳೀತ್."

ಬೊಂಬಾಯಿಗೆ ಹೋಗುವ ಹೊಸ ಲಾರಿ ಅವನಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ದಾರಿಯಲ್ಲಿ ಮಲಗುವವನಿಗೆ ಹೇಗೆ ಕೊಡುವುದು ಎಂದು ಅಪ್ಪಯ್ಯ ಬೇರೆಯವನಿಗೆ ಕೊಟ್ಟರು. ಶೀನಣ್ಣ ಇಲ್ಲೇ ಹತ್ತಿರದ ಬ್ರಹ್ಮಾವರದಿಂದಾಚೆ ಹೋಗಲೇ ಇಲ್ಲ. ಊರಿಗೆಲ್ಲ ಅವನು 'ನಿದ್ರೆ ಶೀನ'ನಾದ. ನಾನು—ಬಾಯಿ ಬಿಡಲಿಲ್ಲ.

ಅಪ್ಪಯ್ಯ ಹೋದ ಮೇಲೆ ಲಾರಿಗಳನ್ನು ನೋಡಿಕೊಳ್ಳುತ್ತಿರುವ ಅಣ್ಣನನ್ನು ಮೊನ್ನೆ ಶೀನಣ್ಣನ ಮನೆಗೆ ಕರೆದೊಯ್ದು, ಎಲ್ಲರೆದುರು ಹೇಳಿಬಿಟ್ಟೆ.

"ಅಕ್ಕ ಲಾರಿ ಬಿಟ್ಟದ್ದಾ?" ಶೀನಣ್ಣನ ಮಕ್ಕಳು ನಂಬಲಿಲ್ಲ. ಶೀನಣ್ಣ ಎದ್ದು, ನಾನು ಸ್ಟಿಯರಿಂಗಿಗೆ ಜೋತುಬಿದ್ದ ಪರಿಯನ್ನು ಮಾಡಿ ತೋರಿಸಿದ. ಮನೆಯೆಲ್ಲ ನಗು, ನನಗೂ ಕಣ್ಣಲ್ಲಿ ನೀರು ಬರುವಷ್ಟು.

"ಇನ್ನ್ ಬೊಂಬಾಯಿ ಲಾರಿ ನೀನೇ ತಕಂಡ್ ಹೋಗ್ ಶೀನ," ಅಣ್ಣ ಹೇಳಿದ.

"ಈಗ ಕಣ್ಣ್ ಮಂಜ್ ಮಾರಾಯ್ರೆ. ಎದುರ್ ದೀಪ ಬಂದ್ರೆ ದಾರಿ ಕಾಂತಿಲ್ಲೆ," ಎಂದು ಅವನು ನಗುತ್ತಲೇ ಹೇಳಿದ.

ಅವನ ಹೆಂಡತಿ ಮಾತ್ರ ಎದ್ದು ಒಳಗೆ ಹೋದಳು. ಹಿಂದೆಯೇ ಹೋಗಿ ಏನಾದರೂ ಹೇಳಬೇಕಿತ್ತು—ಬಾಗಿಲವರೆಗಷ್ಟೇ ಹೋದೆ.